ಹತ್ತರಿಂದ ಭಾಗಿಸಿದ ಸ್ಟೀರಿಂಗ್

ನನ್ನ ಅಂಗಡಿಯ ಅಗಲ ನಾಲ್ಕೂವರೆ ಅಡಿ. ಕೂತಲ್ಲೇ ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ. ಅಷ್ಟರೊಳಗೇ ನಾನು ಮಾಡಿಕೊಟ್ಟಿರುವ ಬೀಗದ ಕೈಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನವರೆಗೆ ಹೋಗಿ, ಅಲ್ಲಿ ಯಾರಾದರೂ ಬೀಗ ಹಾಕಿದ್ದರೆ ಅದನ್ನೂ ತೆಗೆದು, ಊಟದ ಹೊತ್ತಿಗೆ ವಾಪಸು ಬರಬಹುದು. ಬ್ಯಾಂಕಿನ ತಿಜೋರಿಗಳು ನನ್ನ ಚಪ್ಪಲಿಯ ಸದ್ದು ಕೇಳಿದರೆ ತಾವಾಗಿಯೇ ಬಾಯಿ ಬಿಡುತ್ತವೆ.

ಇದನ್ನು ಕೇಳಿ ಜನ ನಗುತ್ತಾರೆ. ನನ್ನ ಭಾವ ಮಾತ್ರ ನಗುವುದಿಲ್ಲ, ಲೆಕ್ಕ ಮಾಡುತ್ತಾರೆ. ಅವರು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಅಕ್ಕನನ್ನು ಮದುವೆಯಾದ ಮೊದಲ ವಾರವೇ ಮನೆಯಲ್ಲಿ ಒಂದು ನಿಯಮ ಜಾರಿಗೆ ತಂದರು: ನಾನು ಏನು ಹೇಳಿದರೂ ಹತ್ತರಿಂದ ಭಾಗಿಸಬೇಕು. ನೂರು ಜನ ಸೇರಿದ್ದರು ಎಂದರೆ ಹತ್ತು ಜನ. ಹಾವು ಎಂದರೆ ಎರೆಹುಳು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ಬೇರೆ. ಭಾವ ಕನ್ನಡಕ ಸರಿಮಾಡಿಕೊಂಡು, "ಎತ್ತು ಕೆಮ್ಮಿರಬೇಕು" ಎನ್ನುತ್ತಾರೆ.

ಒಂದೇ ಒಂದು ಸಲ ಅವರ ಭಾಗಾಕಾರ ದಾರಿ ತಪ್ಪಿತು. ಎರಡು ವರ್ಷದ ಹಿಂದೆ ನನ್ನ ಹಳೇ ಕಾರನ್ನು ಅಕ್ಕನಿಗಾಗಿ ಕೊಂಡುಕೊಂಡಾಗ.

ಆ ಕಾರಿಗೆ ನಾನು ಮೂರನೆಯ ಒಡೆಯ. ಅದಕ್ಕೆ ಆಗಲೇ ಹದಿನೈದು ತುಂಬಿತ್ತು. ಅದರ ಗುಣಗಳನ್ನು ನಾನು ಹೊಗಳಿದ ರೀತಿಗೆ ಹೊಸ ಕಾರುಗಳು ನಾಚಿ ಶೋರೂಮಿನ ಬಾಗಿಲು ಹಾಕಿಕೊಂಡಿರಬೇಕು. ಹಿಂದಿನ ಎಡಗಡೆಯ ಕಿಟಕಿಯ ಗಾಜು ಮನಸ್ಸು ಬಂದಾಗ ದಡಾರನೆ ಕೆಳಗಿಳಿಯುತ್ತಿತ್ತು, "ಆಟೋಮ್ಯಾಟಿಕ್" ಎಂದೆ. ಪೆಟ್ರೋಲ್ ಮುಳ್ಳು ಸದಾ ಅರ್ಧದಲ್ಲೇ ನಿಂತಿರುತ್ತಿತ್ತು. "ಕುಡಿಯೋದೇ ಇಲ್ಲ, ವಾಸನೆಗೇ ಓಡುತ್ತೆ" ಎಂದೆ. ಎಂಜಿನ್ನಿನ ಎಚ್ಚರಿಕೆ ದೀಪ ಹಗಲೂ ರಾತ್ರಿ ಉರಿಯುತ್ತಿತ್ತು. ಅದರ ಮೇಲೆ ಕಪ್ಪು ಟೇಪು ಅಂಟಿಸಿ ಸುಮ್ಮನಾದೆ. ಕೊನೆಗೆ ಎದೆ ತಟ್ಟಿ ಹೇಳಿದೆ:

"ಭಾವ, ಕಂಪನಿಯಿಂದ ಹೇಗೆ ಹೊರಗೆ ಬಂತೋ ಹಾಗೇ ಇದೆ. ಒಂದು ಸ್ಕ್ರೂ ಕೂಡ ಬದಲಾಗಿಲ್ಲ."

ಭಾವ ಬೆರಳು ಮಡಚಿ ಲೆಕ್ಕ ಹಾಕಿದರು. "ಇಲ್ಲ ಅನ್ನೋದನ್ನ ಹತ್ತರಿಂದ ಭಾಗಿಸಿದ್ರೂ ಇಲ್ಲಾನೇ ಬರುತ್ತೆ" ಎಂದು ಒಪ್ಪಿಕೊಂಡರು. ಗಣಿತ ಮನುಷ್ಯನಿಗೆ ಕೈಕೊಡುವುದು ಹೀಗೆ.

ಅಕ್ಕ ನರ್ಸು. ಮನೆಮನೆಗೆ ಹೋಗಿ ಗಾಯಗಳ ಪಟ್ಟಿ ಬದಲಾಯಿಸುವುದು, ಹಾಸಿಗೆ ಹಿಡಿದವರಿಗೆ ಇಂಜೆಕ್ಷನ್ ಕೊಡುವುದು, ಡ್ರಿಪ್ ಹಾಕುವುದು ಅವಳ ಕೆಲಸ. ದಿನಕ್ಕೆ ಒಂಬತ್ತು ಮನೆ. ಇದು ಭಾಗಿಸದ ಲೆಕ್ಕ. ಕಾರಿಲ್ಲದೆ ಆಗದ ಮಾತು. ಅವಳು ಗಿಡ್ಡ. ಪೆಡಲಿಗೆ ಕಾಲು ಸಿಗಲಿ ಎಂದು ಸೀಟನ್ನು ಎಷ್ಟು ಮುಂದಕ್ಕೆ ಬರುತ್ತದೋ ಅಷ್ಟೂ ಎಳೆದುಕೊಳ್ಳುತ್ತಾಳೆ. ಸ್ಟೀರಿಂಗಿಗೂ ಅವಳ ಎದೆಗೂ ನಡುವೆ ಒಂದು ಗೇಣು. ನನ್ನ ಅಕ್ಕ ಕಾರು ಓಡಿಸುವುದಿಲ್ಲ, ತಬ್ಬಿಕೊಂಡು ಹೋಗುತ್ತಾಳೆ.

ಮೊನ್ನೆ ಒಂದು ಬೆಳಗ್ಗೆ ಅಂಗಡಿಗೆ ಒಬ್ಬ ಹೆಂಗಸು ಬಂದರು. ಕಾರಿನದೊಂದು ಡುಪ್ಲಿಕೇಟ್ ಕೀ ಬೇಕಿತ್ತು. ಕೀ ನೋಡಿದ ಕೂಡಲೇ ಗುರುತಾಯಿತು, ನಮ್ಮ ಕಾರಿನದೇ ಜಾತಿ.

"ನಿಮ್ದೂ ಹಿಂದಿನ ಎಡಗಡೆ ಗಾಜು ತಾನೇ ಬೀಳುತ್ತಾ?" ಎಂದೆ.

"ಅಯ್ಯೋ, ನಿಮಗೆ ಹೇಗೆ ಗೊತ್ತು?"

"ಗಾಜು ಬೀಳೋ ಶಬ್ದದಲ್ಲೇ ಕಾರಿನ ವಯಸ್ಸು ಹೇಳ್ತೀನಿ ನಾನು."

"ಎಲ್ಲರದ್ದೂ ಬೀಳುತ್ತಂತೆ. ಈ ಕಾರು ಇಟ್ಟವರದೊಂದು ಗುಂಪಿದೆ, ಫೋನಲ್ಲಿ. ದಿನಾ ಅದೇ ಗೋಳು. ಗಾಜು, ಪೆಟ್ರೋಲ್ ಮುಳ್ಳು, ಮಳೆಯಲ್ಲಿ ನಿಂತುಹೋಗೋ ವೈಪರ್ರು. ಅವೆಲ್ಲ ಇರಲಿ ಬಿಡಿ, ಈಗ ಇದು ಬಂದಿದೆ ನೋಡಿ" ಎಂದು ಚೀಲದಿಂದ ಒಂದು ಕಾಗದ ತೆಗೆದರು. ಕಂಪನಿಯ ಕಾಗದ, ಹಿಂದೆ ಕರೆದಾಗ ಬಾರದವರಿಗೆ ಮತ್ತೆ ಬರೆದದ್ದು. ಕಾರನ್ನು ಸರ್ವೀಸ್ ಸೆಂಟರಿಗೆ ಬಿಡಬೇಕಿತ್ತು. ಬಿಡುವ ಮೊದಲು ಮನೆಯಲ್ಲಿ ಇನ್ನೊಂದು ಕೀ ಇರಲಿ ಎಂದು ಬಂದಿದ್ದರು.

ಓದಿದೆ. ಅದರಲ್ಲಿ ಇದ್ದದ್ದು ಇಷ್ಟೇ: ಈ ಮಾದರಿಯ ಕೆಲವು ವರ್ಷಗಳ ಕಾರುಗಳಲ್ಲಿ, ಡ್ರೈವರ್ ಕಡೆಯ ಏರ್‌ಬ್ಯಾಗನ್ನು ಉಬ್ಬಿಸುವ ಲೋಹದ ಡಬ್ಬಿ ಹಳತಾದ ಮೇಲೆ ತೇವದಿಂದ ಕೆಡಬಹುದು. ಅಪಘಾತವಾದಾಗ ಬ್ಯಾಗು ಉಬ್ಬುವುದರ ಜೊತೆಗೆ ಡಬ್ಬಿಯೇ ಒಡೆದು, ಚೂರುಗಳು ಡ್ರೈವರ್ ಮೇಲೆ ಸಿಡಿಯಬಹುದು. ಸ್ಟೀರಿಂಗಿಗೆ ಹತ್ತಿರ ಕೂರುವವರಿಗೆ ಅಪಾಯ ಹೆಚ್ಚು. ಅಂಥ ಕಾರುಗಳನ್ನೆಲ್ಲ ವಾಪಸು ಕರೆಸಿ, ಅಂದರೆ ರೀಕಾಲ್ ಮಾಡಿ, ಪುಕ್ಕಟೆಯಾಗಿ ಬದಲಾಯಿಸಿಕೊಡುತ್ತೇವೆ, ದಯವಿಟ್ಟು ಬನ್ನಿ.

ಮೊದಲು ನನಗೆ ಏನೂ ಅನ್ನಿಸಲಿಲ್ಲ. ನಮ್ಮ ಕಾರಿಗೆ ಈ ಕೆಲಸ ಆಗಿತ್ತು. ಮೊದಲನೆಯ ಒಡೆಯನೇ ಮಾಡಿಸಿದ್ದ. ರಸೀದಿಯನ್ನು ನಾನೇ ನೋಡಿದ್ದೆ. ಕೀ ಯಂತ್ರಕ್ಕೆ ಹಾಕಿ ಅರ್ಧ ಕೊರೆಯುವ ಹೊತ್ತಿಗೆ ನೆನಪಾಯಿತು. ನಮ್ಮ ಕಾರಿನಲ್ಲಿ ಈಗಿರುವ ಸ್ಟೀರಿಂಗು ನಮ್ಮ ಕಾರಿನದಲ್ಲ.

ಐದು ವರ್ಷದ ಹಿಂದೆ ಒಬ್ಬ ಗಿರಾಕಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೆ, ನನ್ನ ಈ ಕಾರಿನ ಸ್ಟೀರಿಂಗ್ ಲಾಕನ್ನು ಕಣ್ಣು ಮುಚ್ಚಿಕೊಂಡು ತೆಗೆಯುತ್ತೇನೆ ಎಂದು. ತೆಗೆದೆ ಕೂಡ, ಹನ್ನೊಂದು ಸೆಕೆಂಡಿನಲ್ಲಿ. ಆದರೆ ಕಣ್ಣು ಮುಚ್ಚಿದ್ದರಿಂದ ಬೆಸುಗೆ ಹಾಕುವ ಕಾದ ಕಡ್ಡಿಯನ್ನು ಎಲ್ಲಿಟ್ಟೆ ಎಂಬುದು ಕಾಣಲಿಲ್ಲ. ಇಟ್ಟದ್ದು ಸ್ಟೀರಿಂಗಿನ ನಟ್ಟನಡುವೆ. ಹಾರ್ನಿನ ಮುಚ್ಚಳ ಕರಗಿ ನನ್ನ ಮುಷ್ಟಿಯಷ್ಟು ತೂತಾಯಿತು. ಸರಿ, ಹೆಬ್ಬೆರಳಿನಷ್ಟು. ಮಾರನೆಯ ದಿನವೇ ಗುಜರಿಗೆ ಹೋಗಿ, ಹಿಂಭಾಗ ಮಾತ್ರ ಜಜ್ಜಿಹೋದ ಅದೇ ಜಾತಿಯ ಒಂದು ಕಾರಿನಿಂದ ಸ್ಟೀರಿಂಗನ್ನು ಮುಚ್ಚಳ, ಏರ್‌ಬ್ಯಾಗು ಸಮೇತ ಇಡಿಯಾಗಿ ಬಿಚ್ಚಿ ತಂದು ಹಾಕಿದೆ. ಆ ಕಾರಿನ ಒಡೆಯ ಯಾರೋ, ಅವನು ಕಂಪನಿಯ ಕಾಗದ ಓದಿದ್ದನೋ ಇಲ್ಲವೋ ಯಾರಿಗೆ ಗೊತ್ತು? ನಾನು ಯಾರಿಗೂ ಹೇಳಲಿಲ್ಲ. ಕೀ ಮಾಡುವವನು ಸ್ಟೀರಿಂಗ್ ಸುಟ್ಟ ಎಂದರೆ ಅಂಗಡಿಗೆ ಯಾರು ಬರುತ್ತಾರೆ?

ಯಂತ್ರ ನಿಲ್ಲಿಸಿ ಆ ಹೆಂಗಸಿಗೆ ನಾಳೆ ಬನ್ನಿ ಎಂದು ಹೇಳಿ, ಶಟರ್ ಎಳೆದು ಅಕ್ಕನ ಮನೆಗೆ ಓಡಿದೆ.

ಅಕ್ಕ ಹೊರಡುವ ಅವಸರದಲ್ಲಿ ಹತ್ತಿ, ಪಟ್ಟಿ, ಕತ್ತರಿ ಎಣಿಸಿ ಚೀಲಕ್ಕೆ ತುಂಬುತ್ತಿದ್ದಳು. ಭಾವ ಶೂ ಹಾಕಿಕೊಳ್ಳುತ್ತಿದ್ದರು. ಆಗ ನಾನು ಮಾಡಿದ ತಪ್ಪೆಂದರೆ, ಹುಟ್ಟುಗುಣಕ್ಕೆ ಬಾಯಿ ಕೊಟ್ಟೆ.

"ಅಕ್ಕಾ, ಆ ಕಾರು ಮುಟ್ಟಬೇಡ! ಅದು ಬಾಂಬು! ಸ್ಟೀರಿಂಗ್ ಒಳಗೆ ಬಾಂಬಿದೆ! ಸಾವಿರಾರು ಜನ ಚೂರುಚೂರಾಗಿದಾರೆ!"

ಅಕ್ಕ ತಲೆ ಎತ್ತಲಿಲ್ಲ. "ಬೆಳಗಾಗೆದ್ದು ಶುರು ಮಾಡಿದ ನೋಡಿ."

"ಬಾಂಬು ಭಾಗಿಸು ಹತ್ತು" ಎಂದರು ಭಾವ, ಲೇಸು ಕಟ್ಟುತ್ತಾ. "ಪಟಾಕಿ. ಸಾವಿರಾರು ಜನ ಭಾಗಿಸು ಹತ್ತು..."

"ಭಾವ, ತಮಾಷೆ ಅಲ್ಲ. ಕಂಪನಿಯವರೇ ಕಾಗದ ಬರೆದಿದಾರೆ. ಏರ್‌ಬ್ಯಾಗು. ರೀಕಾಲ್."

ಕಂಪನಿ, ಕಾಗದ ಎಂಬ ಮಾತಿಗೆ ಭಾವ ಬೆಲೆ ಕೊಟ್ಟರು. ಫೋನ್ ತೆಗೆದು, ಕಾರಿನ ಪುಸ್ತಕದಲ್ಲಿದ್ದ ಚಾಸಿ ನಂಬರನ್ನು ಒಂದೊಂದಾಗಿ ಒತ್ತಿ, ಕಂಪನಿಯ ಪುಟದಲ್ಲಿ ನೋಡಿದರು. ಹಸಿರು ಬಣ್ಣದಲ್ಲಿ ಉತ್ತರ ಬಂತು: ರೀಕಾಲ್ ಕೆಲಸ ಪೂರ್ತಿಯಾಗಿದೆ, ಏನೂ ಬಾಕಿ ಇಲ್ಲ.

"ಸೊನ್ನೆ" ಎಂದು ಭಾವ ಫೋನನ್ನು ನನ್ನ ಮೂಗಿಗೆ ಹಿಡಿದರು. "ಇದನ್ನ ಭಾಗಿಸೋ ಅಗತ್ಯಾನೂ ಇಲ್ಲ."

ಇನ್ನು ಉಳಿದದ್ದು ಒಂದೇ ಮಾತು. ಸ್ಟೀರಿಂಗ್ ಸುಟ್ಟದ್ದು ನಾನು, ಗುಜರಿಯದು ಹಾಕಿದ್ದು ನಾನು, ಒಂದು ಸ್ಕ್ರೂ ಕೂಡ ಬದಲಾಗಿಲ್ಲ ಎಂದದ್ದೂ ನಾನು. ಜಗತ್ತಿನ ಬೀಗಗಳನ್ನೆಲ್ಲ ತೆರೆದ ನನಗೆ ನನ್ನ ಬಾಯಿಯದು ತೆರೆಯಲಾಗಲಿಲ್ಲ. ಮೇಜಿನ ಮೇಲಿದ್ದ ಕಾರಿನ ಕೀಯನ್ನು ಮೆಲ್ಲಗೆ ಜೇಬಿಗಿಳಿಸಿದೆ. ಅಕ್ಕ ಅತ್ತಿತ್ತ ನೋಡಿದಳು, ಗೋಡೆಯ ಮೊಳೆಯಿಂದ ಇನ್ನೊಂದು ಕೀ ತೆಗೆದುಕೊಂಡು ಹೊರಟೇಬಿಟ್ಟಳು. ಆ ಡುಪ್ಲಿಕೇಟನ್ನು ಮಾಡಿಕೊಟ್ಟವನೂ ನಾನೇ. ಇಂಥದ್ದು ಇನ್ನೂ ಎರಡು ಅವರ ಮನೆಯಲ್ಲಿವೆ.

ಅಂಗಡಿಗೆ ಬಂದು ಕೂತೆ. ಮೂರು ಕೀ ಕೊರೆದೆ, ಮೂರೂ ಹಾಳು. ಇಪ್ಪತ್ತು ವರ್ಷದಲ್ಲಿ ಒಂದೂ ಕೀ ಹಾಳು ಮಾಡಿಲ್ಲ ಎಂದು ಬೋರ್ಡಿನ ಮೇಲೆ ಬರೆಸಿದವನು ನಾನು. ರಸ್ತೆಯಲ್ಲಿ ಯಾರು ಬ್ರೇಕ್ ಹಾಕಿದರೂ ಎದ್ದು ನಿಲ್ಲುತ್ತಿದ್ದೆ. ಮಧ್ಯಾಹ್ನ ತಡೆಯಲಾಗದೆ ಸ್ಕೂಟರ್ ಹತ್ತಿದೆ. ಅಕ್ಕನ ಮನೆಗಳ ಸರದಿ ನನಗೆ ಬಾಯಿಪಾಠ. ಆ ಹೊತ್ತಿಗೆ ಅವಳು ಆರನೆಯ ಮನೆಯಲ್ಲಿರಬೇಕು, ಕಾಲು ಸುಟ್ಟುಕೊಂಡ ಅಜ್ಜಿಯೊಬ್ಬರ ಹತ್ತಿರ. ಕಾರು ಆ ಮನೆಯ ಮುಂದೇ ನಿಂತಿತ್ತು, ಗೀರಿಲ್ಲದೆ. ಅದನ್ನು ನೋಡಿ ನನಗೆ ಅಳು ಬಂತು. ಬಕೆಟ್ಟುಗಟ್ಟಲೆ ಅತ್ತೆ ಎನ್ನಲೇ? ಬೇಡ. ಮೂಗು ಒರೆಸಿಕೊಂಡೆ, ಅಷ್ಟೇ.

ಅಕ್ಕ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಏನೋ ಇದು, ಅಂಗಡಿ ಬಿಟ್ಟು? ಯಾರಿಗೇನಾಯ್ತು?"

"ಅಕ್ಕ, ಈ ಸ್ಟೀರಿಂಗು ಈ ಕಾರಿನದಲ್ಲ. ನಾನು ಹಳೇದನ್ನ ಸುಟ್ಟಿದ್ದೆ. ಇದು ಗುಜರಿಯದು. ಕಂಪನಿಯ ಲೆಕ್ಕದಲ್ಲಿರೋದು ಹಳೇ ಸ್ಟೀರಿಂಗು. ಇದರೊಳಗೆ ಯಾವ ಡಬ್ಬಿ ಇದೆಯೋ ಯಾರಿಗೂ ಗೊತ್ತಿಲ್ಲ."

ನನ್ನ ಜೀವಮಾನದಲ್ಲೇ ಅಷ್ಟು ಬೋಳಾದ ಮಾತುಗಳನ್ನು ನಾನು ಆಡಿರಲಿಲ್ಲ. ಅಕ್ಕ ನಕ್ಕಳು.

"ಬೆಳಗ್ಗೆ ಬಾಂಬು, ಈಗ ಗುಜರಿ. ಒಂದು ಸ್ಕ್ರೂ ಕೂಡ ಬದಲಾಗಿಲ್ಲ ಅಂದೋನು ನೀನೇ ಅಲ್ವೇನೋ? ಯಾವುದನ್ನ ನಂಬಲಿ? ದಾರಿ ಬಿಡು, ಇನ್ನೂ ಮೂರು ಮನೆ ಇದೆ."

ಅವಳು ಬಾಗಿಲು ತೆಗೆದು ಸೀಟಿನ ಮೇಲೆ ಚೀಲ ಇಟ್ಟಳು. ಆಗ ನೆನಪಾದದ್ದು ಗುಜರಿಯವನ ಅಭ್ಯಾಸ. ಅವನು ಬಲು ಅನುಮಾನದ ಮನುಷ್ಯ. ಅವನ ಹತ್ತಿರ ಕೊಂಡ ಸಾಮಾನಿನ ಬದಲು ಬೇರೆ ಕೆಟ್ಟ ಸಾಮಾನು ತಂದು "ನಿಂದೇ ಇದು, ವಾಪಸ್ ತಗೋ" ಎನ್ನುವವರು ಜಾಸ್ತಿ. ಅದಕ್ಕೇ ಅವನು ಮಾರುವ ಪ್ರತಿಯೊಂದು ಭಾಗದ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ, ಹಳದಿ ಬಣ್ಣದಲ್ಲಿ ಗುರುತು ಹಾಕುತ್ತಾನೆ: ಯಾವ ಸಾಲು, ಆ ಸಾಲಿನಲ್ಲಿ ಎಷ್ಟನೆಯ ಕಾರು.

"ಅಕ್ಕ, ನಿನ್ನ ಟಾರ್ಚು ಕೊಡು. ಬಾಯೊಳಗೆ ನೋಡೋ ಸಣ್ಣ ಕನ್ನಡಿ ಇದೆಯಲ್ಲ, ಅದನ್ನೂ."

"ಯಾಕೆ?"

"ಸ್ಟೀರಿಂಗಿನ ಹಿಂದೆ, ಕೆಳಗಡೆ ನೋಡು. ಹಳದಿ ಬಣ್ಣದಲ್ಲಿ ಮೂರು, ಒಂದು ಗೆರೆ, ಹದಿನೇಳು ಅಂತ ಇದ್ರೆ ನನ್ನ ಮಾತು ನಿಜ. ಇಲ್ದಿದ್ರೆ ನಿನ್ನ ಆ ಚೀಲದಲ್ಲೇ ಹೊಡಿ."

ಅವಳು ಕನ್ನಡಿಯನ್ನು ಸ್ಟೀರಿಂಗಿನ ಹಿಂದೆ ತೂರಿಸಿ, ಟಾರ್ಚ್ ಬಿಟ್ಟು, ಗಂಟಲು ನೋಯುವ ಮಗುವಿನ ಬಾಯೊಳಗೆ ನೋಡುವಂತೆ ನೋಡಿದಳು. ಬಹಳ ಹೊತ್ತು ನೋಡಿದಳು. ಕನ್ನಡಿಯಲ್ಲಿ ಅಂಕೆ ತಿರುಗಿ ಕಾಣುತ್ತದಲ್ಲ, ಓದಲು ಅಷ್ಟು ಹೊತ್ತು ಹಿಡಿಯಿತೋ ಏನೋ. ಆಮೇಲೆ ಕನ್ನಡಿ ಒರೆಸಿ ಡಬ್ಬಿಗೆ ಹಾಕಿದಳು, ಚೀಲವನ್ನು ಹೊರಗೆ ತೆಗೆದಳು.

"ಎರಡು ವರ್ಷ" ಎಂದಳು. "ಎರಡು ವರ್ಷದಿಂದ ಇದರ ಮುಂದೆ ಕೂತಿದೀನಿ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳ ಕೈಯಿಂದ ಚೀಲ ತೆಗೆದುಕೊಂಡು ಸ್ಕೂಟರಿನ ಮುಂದಿಟ್ಟೆ.

ಉಳಿದ ಮೂರು ಮನೆಗಳನ್ನು ಸ್ಕೂಟರಿನಲ್ಲಿ ಮುಗಿಸಿದೆವು. ಸಂಜೆ ನಾನೊಬ್ಬನೇ ಹೋಗಿ ಕಾರನ್ನು ಸರ್ವೀಸ್ ಸೆಂಟರಿಗೆ ಓಡಿಸಿದೆ. ಸೀಟು ಪೂರ್ತಿ ಹಿಂದಕ್ಕೆ ತಳ್ಳಿ, ಕೈ ಉದ್ದಕ್ಕೆ ಚಾಚಿ, ಹಸಿ ಬಾಣಂತಿ ನಡೆದಷ್ಟು ನಿಧಾನ. ಹಿಂದೆ ಹಾರ್ನ್ ಹೊಡೆದವರಲ್ಲಿ ಒಬ್ಬ ಸೈಕಲ್ಲಿನವನೂ ಇದ್ದ. ಅಕ್ಕ, ಅವಳ ಬಾಯಿಂದ ವಿಷಯ ತಿಳಿದ ಭಾವ, ಇಬ್ಬರೂ ಬಸ್ಸಿನಲ್ಲಿ ನನಗಿಂತ ಮುಂಚೆ ತಲುಪಿದ್ದರು.

ಕೌಂಟರಿನ ಹೆಂಗಸು ನಂಬರ್ ಒತ್ತಿ, ಕಂಪ್ಯೂಟರ್ ನೋಡಿ, "ಈ ಗಾಡಿದು ಮುಗಿದಿದೆ ಸರ್. ಏನೂ ಮಾಡೋ ಹಾಗಿಲ್ಲ" ಎಂದರು.

"ಒಳಗಿರೋ ಡಬ್ಬಿ ಬೇರೆ ಗಾಡಿದು. ಒಂದು ಸಲ ಬಿಚ್ಚಿ ನೋಡಿ" ಎಂದಳು ಅಕ್ಕ.

"ಬೇರೆ ಗಾಡಿದು ಅಂತ ಯಾರು ಹೇಳಿದ್ದು?"

ಅಕ್ಕ ನನ್ನ ಕಡೆ ನೋಡಿದಳು. ಭಾವನೂ ನೋಡಿದರು. ಕುರ್ಚಿಗಳಲ್ಲಿ ಕಾಯುತ್ತಿದ್ದ ಏಳೆಂಟು ಜನರೂ ನೋಡಿದರು; ನನ್ನ ಕಣ್ಣಿಗೆ ಅವರು ಎಂಟು ಸಾವಿರ. ಅವರಲ್ಲಿ ಇಬ್ಬರು ನನ್ನ ಗಿರಾಕಿಗಳೇ.

"ನಾನು ಹಾಕಿದ್ದು" ಎಂದೆ. "ನಾನು ಬೀಗದ ಕೈ ಮಾಡೋನು. ಹಳೇ ಸ್ಟೀರಿಂಗನ್ನ ಸುಟ್ಟುಬಿಟ್ಟೆ. ಗುಜರಿಯಿಂದ ತಂದು ಹಾಕಿದೆ."

ಕೌಂಟರಿನ ಹೆಂಗಸು ಒಂದು ಫಾರಂ ನನ್ನ ಕಡೆ ತಳ್ಳಿದರು. ಅದರಲ್ಲಿ ಒಂದು ಅಂಕಣ: ಬದಲಾಯಿಸಿದ ಭಾಗ, ಎಲ್ಲಿಂದ, ಯಾರು, ಯಾಕೆ. ಬರೆಯಲು ಕೊಟ್ಟ ಜಾಗ ಒಂದೇ ಸಾಲು. ನಾನು ಒಂದು ಸಾಲಿನಲ್ಲಿ ಮುಗಿಸಿದ ಮೊಟ್ಟಮೊದಲ ವಿಷಯ ಅದು. ಭಾವ ನನ್ನ ಹೆಗಲ ಮೇಲಿಂದ ಓದಿ, ಏನೂ ಭಾಗಿಸದೆ, ಪೆನ್ನಿನ ಮುಚ್ಚಳ ಹಾಕಿದರು.

ಮೆಕ್ಯಾನಿಕ್ ಉದ್ದನೆಯ ಮನುಷ್ಯ, ಮಾತು ಗಿಡ್ಡ. ಮೊದಲು ಬ್ಯಾಟರಿ ತಂತಿ ಬಿಚ್ಚಿದ. ಸ್ವಲ್ಪ ಹೊತ್ತು ಕಾದ. ಆಮೇಲೆ ಹಾರ್ನಿನ ಮುಚ್ಚಳ ಕಿತ್ತು, ತಿರುಗಿಸಿ, ಹಿಂದಿನ ಚೀಟಿಯ ನಂಬರನ್ನು ಗಟ್ಟಿಯಾಗಿ ಓದಿದ. ಕೌಂಟರಿನ ಹೆಂಗಸು ಪಟ್ಟಿಯಲ್ಲಿ ಹುಡುಕಿದರು. ಬೆರಳು ಒಂದು ಕಡೆ ನಿಂತಿತು.

"ಇದೆ" ಎಂದರು. "ಬದಲಾಯಿಸಬೇಕಾದದ್ದರಲ್ಲಿ ಇದೆ."

"ಒಡೀತಿತ್ತಾ?" ಎಂದು ಭಾವ ಕೇಳಿದರು.

"ಒಡೀತಿತ್ತೋ ಇಲ್ವೋ" ಎಂದ ಮೆಕ್ಯಾನಿಕ್. "ಗುದ್ದಿದ್ರೆ ಗೊತ್ತಾಗ್ತಿತ್ತು."

ಹೊಸದು ಬರಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಅಕ್ಕನನ್ನು ಒಂಬತ್ತು ಮನೆಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋದವನು ನಾನು. ಅವಳು ಒಳಗೆ ಗಾಯ ತೊಳೆಯುವಾಗ ನಾನು ಹೊರಗೆ ಕೂತು ಒಂದು ಪಟ್ಟಿ ಬರೆಯಬೇಕು; ಅದು ಅವಳ ಆಜ್ಞೆ. ಆ ಕಾರಿನ ಬಗ್ಗೆ ನಾನು ಮುಚ್ಚಿಟ್ಟದ್ದು, ಬಣ್ಣ ಹಚ್ಚಿದ್ದು ಎಲ್ಲ. ಟೇಪಿನ ಕೆಳಗಿನ ದೀಪ, ಪೆಟ್ರೋಲ್ ಮುಳ್ಳು, ಮಳೆ ಜೋರಾದರೆ ನಿಂತುಹೋಗುವ ವೈಪರ್ರು, ಒಳಗಿನಿಂದ ಮಾತ್ರ ತೆರೆಯುವ ಬಾಗಿಲು. ಆ ಫೋನಿನ ಗುಂಪಿಗೂ ಸೇರಿಕೊಂಡು ಬೇರೆಯವರು ಹೇಳಿದ್ದನ್ನೂ ನೋಡಿ ಬರೆದೆ. ಒಟ್ಟು ಹದಿನಾಲ್ಕಾಯಿತು.

ಪಟ್ಟಿ ನೋಡಿ ಭಾವ ಕನ್ನಡಕ ಸರಿಮಾಡಿಕೊಂಡರು. "ಹದಿನಾಲ್ಕು. ಹತ್ತರಿಂದ ಭಾಗಿಸಿದ್ರೆ ಒಂದು ಪಾಯಿಂಟ್..."

"ಭಾಗಿಸಬೇಡಿ" ಎಂದಳು ಅಕ್ಕ. ಪಟ್ಟಿಯನ್ನು ಮಡಚಿ, ಕಾರಿನ ಪುಸ್ತಕದ ಜೊತೆಗಿಡಲು ಚೀಲಕ್ಕೆ ಹಾಕಿದಳು.

ಇಪ್ಪತ್ತನೆಯ ದಿನ ಕಾರು ತರಲು ಮೂವರೂ ಹೋದೆವು. ಹೊಸ ಡಬ್ಬಿ, ಹೊಸ ಚೀಟಿ. ಮೆಕ್ಯಾನಿಕ್ ಕೀ ಚಾಚಿದ. ಅಕ್ಕ ತೆಗೆದುಕೊಳ್ಳಲಿಲ್ಲ.

"ಮೊದಲು ನೀನು ಕೂತ್ಕೋ" ಎಂದಳು ನನಗೆ. "ಸೀಟು ಮುಂದಕ್ಕೆ ಎಳ್ಕೋ. ನನ್ನಷ್ಟು."

ಎಳೆದುಕೊಂಡೆ. ಮೊಣಕಾಲು ಗದ್ದಕ್ಕೆ ಬಂತು. ಸ್ಟೀರಿಂಗು ಎದೆಗೆ ಒಂದು ಗೇಣು. ಅಲ್ಲಿಂದ ನೋಡಿದರೆ ಅದರ ನಡುವಿನ ಮುಚ್ಚಳ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಹಾರ್ನ್ ಹೊಡಿ."

"ಅಕ್ಕ, ಹಾರ್ನಿನ ತಂತಿ ಬೇರೆ, ಏರ್‌ಬ್ಯಾಗಿನ ತಂತಿ ಬೇರೆ. ಹಾರ್ನ್ ಹೊಡೆದ್ರೆ ಏನೂ..."

"ಗೊತ್ತು. ಹೊಡಿ."

ಅವಳು ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ನಿಂತಿದ್ದಳು. ಭಾವ ಕಾರಿನ ಪಕ್ಕದಲ್ಲೇ ಇದ್ದರು, ಧೈರ್ಯ ತೋರಿಸಲು. ನಾನು ಕಣ್ಣು ಮುಚ್ಚಲಿಲ್ಲ. ಒಂದು ಸಲ ಮುಚ್ಚಿ ಆದದ್ದೇ ಸಾಕಾಗಿತ್ತು. ಅಂಗೈ ಇಟ್ಟು ಒತ್ತಿದೆ.

ಹಾರ್ನ್ ಕೂಗಿತು. ಅದರ ಬೆನ್ನಿಗೇ ಹಿಂದಿನಿಂದ ದಡಾರ್! ಭಾವ ಎರಡಾಳು ಎತ್ತರ ಹಾರಿ ಮೆಕ್ಯಾನಿಕ್ಕಿನ ತೋಳು ಹಿಡಿದುಕೊಂಡರು. ನನ್ನ ಪ್ರಾಣ ಚಂದ್ರನವರೆಗೆ ಹೋಗಿ ಬಂತು.

ಅಕ್ಕ ಅಲ್ಲಿಂದಲೇ ಕತ್ತು ಚಾಚಿ ನೋಡಿದಳು. ಹಿಂದಿನ ಎಡಗಡೆಯ ಗಾಜು ಪೂರ್ತಿ ಕೆಳಗಿಳಿದಿತ್ತು.

"ಇದು ಪಟ್ಟಿಯಲ್ಲಿದೆಯೇನೋ?"

"ಇದೆ ಅಕ್ಕ. ನಾಲ್ಕನೇದು."

ಅವಳು ಚೀಲದಿಂದ ಪಟ್ಟಿ ತೆಗೆದು, ನಾಲ್ಕನೆಯದನ್ನು ಓದಿದಳು. ಆಮೇಲೆ ಬಂದು ಬಾಗಿಲು ತೆಗೆದು, "ಇಳಿ, ಹೊತ್ತಾಯ್ತು. ಅಜ್ಜಿ ಕಾಯ್ತಿರ್ತಾರೆ" ಎಂದಳು.